ತಿಳೀಲಿಲ್ರಿ ಸರ್

ನವನಗರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಗೆ ಮೊನ್ನೆ ಕಾಲೇಜಿನಲ್ಲಿ ನೌಕರಿ ಸಿಕ್ಕಿತು. ಪೇಢೆ ಕೊಡಲು ಬಂದವಳು ಹೋಗದೆ ಬಾಗಿಲಲ್ಲೇ ನಿಂತಳು. “ಅಜ್ಜೀ, ಮೊದಲನೇ ದಿನ ಕ್ಲಾಸಿಗೆ ಹೋಗಿ ಏನ್ ಹೇಳ್ಲಿ?” ಎಂದು ಕೇಳಿದಳು. “ಏನ್ ಹೇಳ್ಬೇಕು ಅನ್ನೋದು ನಿನಗ ಬಿಟ್ಟದ್ದು. ಏನ್ ಕೇಳಬಾರದು ಅನ್ನೋದು ನಾ ಹೇಳ್ತೇನಿ, ಕೂಡು” ಎಂದೆ. ಮಾತು ಮುಗಿಯುವ ಹೊತ್ತಿಗೆ ಎರಡು ಸಲ ಚಹಾ ಆಗಿತ್ತು. ಅವಳಿಗೆ ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ, ಅವಳಂಥ ಇನ್ನಷ್ಟು ಜನಕ್ಕೆ ಬೇಕಾದೀತು ಎಂದು.

ನಮ್ಮ ಕಾಲದಲ್ಲಿ ಒಂದು ವಿಚಿತ್ರವಿತ್ತು. ಒಂದನೆಯ ಇಯತ್ತೆಗೆ ಅಕ್ಷರ ತಿದ್ದಿಸುವವರಿಗೆ ತರಬೇತಿ ಬೇಕು. ಹೈಸ್ಕೂಲಿಗೆ ಬಿ.ಎಡ್. ಬೇಕು. ಕಾಲೇಜಿನಲ್ಲಿ ಕಲಿಸುವವರಿಗೆ ಮಾತ್ರ ಏನೂ ಬೇಡ. ಧಾರವಾಡದಿಂದ ಎಂ.ಎ. ಮುಗಿಸಿ ಬಸ್ಸಿಳಿದವರ ಕೈಗೆ ಸೀಮೆಸುಣ್ಣ ಕೊಟ್ಟು ಒಳಗೆ ನೂಕುತ್ತಿದ್ದರು. ನನ್ನನ್ನೂ ಹಾಗೆಯೇ ನೂಕಿದರು. ನಾನು ಇತಿಹಾಸದವಳು. ಅರವತ್ತರ ದಶಕದ ಮೊದಲ ವರ್ಷಗಳು, ಇಳಕಲ್ ಸೀರೆಯುಟ್ಟು ಕೈಗಡಿಯಾರ ಕಟ್ಟಿಕೊಂಡ ಹೆಣ್ಣುಮಗಳು ಗಂಡುಹುಡುಗರಿಗೆ ಪಾಠ ಹೇಳುತ್ತಾಳೆ ಎಂದು ನೋಡಲು ಬೇರೆ ತರಗತಿಯವರೂ ಕಿಟಕಿಗೆ ಬಂದು ನಿಲ್ಲುತ್ತಿದ್ದರು.

ನಮ್ಮದು ಸಣ್ಣ ಶಿಕ್ಷಣ ಸಂಸ್ಥೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಒಂದೊಂದು ಕಾಲೇಜು. ಅದರ ಅಧ್ಯಕ್ಷರು ಹತ್ತಿ ಗಿರಣಿಯ ಮಾಲೀಕರು, ಎಲ್ಲರ ಬಾಯಲ್ಲೂ ಸಾಹುಕಾರರು. ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ಯಾರ ಜೊತೆಗೂ ಮಾತಾಡದವರು, ಮುಗಿಸಿದ ಮೇಲೆ ಯಾರಿಗೂ ಮಾತಾಡಲು ಬಿಡದವರು. ಒಂದು ದಿನ ನನ್ನನ್ನು ಗಿರಣಿಗೇ ಕರೆಸಿದರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಬಾಯಾರು ಎನ್ನುತ್ತಾರೆ.

“ಏನ್ರಿ ಬಾಯಾರ, ನಮ್ಮ ಗಿರಣ್ಯಾಗ ಹೊಸಾ ಆಳು ಬಂದ್ರ ಹಳೇ ಆಳಿನ ಜೋಡಿ ನಿಲ್ಲಿಸ್ತೀವಿ. ನಿಮ್ಮ ಕಾಲೇಜಿನ್ಯಾಗ ಯಾರ ಜೋಡಿ ನಿಲ್ಲಿಸ್ತೀರಿ?”

“ಯಾರ ಜೋಡೀನೂ ನಿಲ್ಲಿಸೂದಿಲ್ರಿ.”

“ಹಂಗಾರ ಇನ್ ಮ್ಯಾಲ ನೀವ ನಿಲ್ರಿ.”

ಇಷ್ಟೇ ನನ್ನ ನೇಮಕಾತಿ. ನಾಲ್ಕೂ ಊರಿನ ಹೊಸ ಲೆಕ್ಚರರುಗಳಿಗೆ, ಆಫೀಸಿನವರಿಗೆ ತರಬೇತಿ ಕೊಡುವ ಕೆಲಸ ನನ್ನ ಹೆಗಲಿಗೆ ಬಿತ್ತು. “ಬಾಯಾರು ನಮಗೇನ್ ಕಲಸ್ತಾರ್ರಿ” ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಂಡರು. ನನ್ನ ಕಿವಿ ಚೆನ್ನಾಗಿತ್ತು, ಆದರೆ ನಾನು ಕೇಳಿಸದವಳ ಹಾಗೆ ಇದ್ದೆ.

ಮೊದಲ ವರ್ಷಗಳಲ್ಲಿ ಆದ ಫಜೀತಿಗಳನ್ನು ಮುಚ್ಚಿಡುವುದಿಲ್ಲ. ಬಾದಾಮಿಯಲ್ಲಿ ಹೊಸ ಸ್ಲೈಡ್ ಪ್ರೊಜೆಕ್ಟರ್ ಇಟ್ಟು ಪಾಠ ಮಾಡುವುದನ್ನು ತೋರಿಸಲು ಹೋಗಿದ್ದೆ. ಕತ್ತಲೆಗೆಂದು ಕಿಟಕಿ ಮುಚ್ಚಿಸಿದೆವು. ಏಪ್ರಿಲ್ ತಿಂಗಳು, ಸುತ್ತ ಕೆಂಪು ಬಂಡೆ, ಒಳಗೆ ಉಸಿರು ಕಟ್ಟಿತು. ಒಂದೇ ಒಂದು ಕಿಟಕಿ ತೆಗೆಯಿರಿ ಎಂದೆ. ಅದರಿಂದ ಒಂದು ಮಂಗ ಒಳಗೆ ಬಂದು ಸ್ಲೈಡುಗಳ ಡಬ್ಬಿ ಎತ್ತಿಕೊಂಡು ಬೇವಿನ ಮರ ಹತ್ತಿತು, ಒಂದೊಂದಾಗಿ ನೆಕ್ಕಿ ನೋಡಿ ಎಸೆಯಿತು. ನಮ್ಮ ಪ್ರಾಣಿಶಾಸ್ತ್ರದ ಲೆಕ್ಚರರು ಮರದ ಕೆಳಗೆ ಟವೆಲ್ ಹಿಡಿದು ಓಡಾಡಿದ್ದೇ ಅವತ್ತಿನ ತರಬೇತಿ. ಆಮೇಲೆ ನಾನು ಕಪ್ಪುಹಲಗೆ ಬಿಟ್ಟು ಬೇರೇನನ್ನೂ ನಂಬಲಿಲ್ಲ.

ಹುನಗುಂದದ ಕಾಲೇಜಿನಲ್ಲಿ ಆಫೀಸಿನ ಕಿಟಕಿ ಸೊಂಟದ ಎತ್ತರಕ್ಕಿತ್ತು. ಒಳಗಿನ ಸೂಪರಿಂಟೆಂಡೆಂಟರು ಆರಾಮಾಗಿ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಹೊರಗೆ ಮಗನ ಪ್ರವೇಶಕ್ಕೆ ಬಂದ ರೈತ ನಡು ಬಗ್ಗಿಸಿ, ರುಮಾಲು ಕಿಟಕಿಗೆ ತಾಗಿಸಿ, ಕತ್ತು ಹೊರಳಿಸಿ ಮಾತಾಡಬೇಕಿತ್ತು. “ಸಾಹೇಬರ, ಒಂದ್ ತಾಸು ನೀವು ಈ ಕಡೆ ಬಂದು ನಿಲ್ರಿ, ನಿಮ್ಮ ಕುರ್ಚಿ ಮ್ಯಾಲ ನಾ ಕೂಡ್ತೇನಿ” ಎಂದೆ. ನಗುತ್ತಾ ಬಂದರು. ನಾನು ಒಳಗಿನಿಂದ ಅವರದೇ ಧಾಟಿಯಲ್ಲಿ “ನಾಳಿ ಬರ್ರಿ”, “ಅದಲ್ಲ, ಇನ್ನೊಂದು ತರ್ರಿ” ಎನ್ನುತ್ತಾ ಹೋದೆ. ತಾಸು ಮುಗಿಯುವ ಮೊದಲೇ ಅವರು ಸೊಂಟ ಹಿಡಿದುಕೊಂಡು ಗಾರೆ ಕೆಲಸದ ಗೌಂಡಿಯನ್ನು ಕರೆತರಲು ಜವಾನನನ್ನು ಕಳಿಸಿದರು. ಮುಂದಿನ ಸಲ ಹೋದಾಗ ಕಿಟಕಿ ನಿಂತವನ ಎದೆಯ ಎತ್ತರಕ್ಕೆ ಏರಿತ್ತು. ಇಂದಿಗೂ ಹುನಗುಂದದ ಹೆಸರು ಕೇಳಿದರೆ ನನಗೆ ಆ ಕಿಟಕಿ ನೆನಪಾಗಿ ಖುಷಿಯಾಗುತ್ತದೆ.

ಆದರೆ ನನ್ನ ಕಣ್ಣು ತೆರೆಸಿದ್ದು ಹೋಳಿ ಹುಣ್ಣಿಮೆ. ಬೆಂಗಳೂರಿನಿಂದ ಬೋಧನಾ ಕ್ರಮದ ತಜ್ಞರೊಬ್ಬರನ್ನು ಕರೆಸಬೇಕೆಂದು ಸಾಹುಕಾರರ ಆಸೆ. ತಜ್ಞರು ತಮಗೆ ಬಿಡುವಿರುವ ದಿನ ತಿಳಿಸಿದರು. ಅದು ನೇರ ನಮ್ಮ ಹೋಳಿಯ ಮೇಲೆ ಬಂದು ಕೂತಿತ್ತು. ಬಾಗಲಕೋಟೆಯ ಹೋಳಿ ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುವುದೆಂದರೆ, ಹಲಗೆ ವಾದ್ಯದ ಬಡಿತ ಶುರುವಾದರೆ ಊರಿನಲ್ಲಿ ಬೇರೆ ಕೆಲಸ ನಡೆಯುವುದಿಲ್ಲ. “ಬ್ಯಾಡ್ರಿ ಸಾಹುಕಾರ್ರ” ಎಂದೆ. “ಇರ್ಲಿ ಬಾಯಾರ, ಅವರಿಗೂ ನಮ್ಮೂರ ಬಣ್ಣ ನೋಡಿದಂಗಾಗ್ತೈತಿ” ಎಂದರು.

ತಜ್ಞರು ಬೆಳ್ಳಗಿನ ಸಫಾರಿ ತೊಟ್ಟು ಬಂದರು. ನಮ್ಮ ಕಾಲೇಜು ಹಳೇ ಪೇಟೆಯ ನಡುವೆ. ಅವರು ಬಾಯಿ ತೆರೆಯುವುದಕ್ಕೂ ಕೆಳಗಿನ ಓಣಿಯಲ್ಲಿ ಹಲಗೆ ಮೇಳ ಬಂದು ನಿಲ್ಲುವುದಕ್ಕೂ ಸರಿಹೋಯಿತು. ನಾನು ಎರಡನೆಯ ಸಾಲಿನಲ್ಲಿದ್ದೆ. ದೇವರಾಣೆಗೂ ಒಂದು ಶಬ್ದ ಕೇಳಿಸಲಿಲ್ಲ. ಅವರ ತುಟಿ ಅಲ್ಲಾಡುತ್ತಿತ್ತು, ಕೈ ಆಡುತ್ತಿತ್ತು, ಅಷ್ಟೇ. ನಮ್ಮ ಲೆಕ್ಚರರುಗಳೆಲ್ಲ ಗಂಭೀರವಾಗಿ ತಲೆದೂಗುತ್ತಿದ್ದರು. ನಾನೂ ದೂಗಿದೆ. ಕೊನೆಗೆ ಹಲಗೆ ಮುಂದಿನ ಓಣಿಗೆ ಸರಿಯಿತು. ತಜ್ಞರು ಬೆವರು ಒರೆಸಿಕೊಂಡು, “ನಾನು ಹೇಳಿದ್ದು ತಮಗೆಲ್ಲ ಅರ್ಥವಾಯಿತಲ್ಲವೇ?” ಎಂದರು.

“ಆತ್ರಿ ಸರ್!” ಎಂದು ಇಡೀ ಸಭೆ ಒಂದೇ ದನಿಯಲ್ಲಿ ಕೂಗಿತು. ಅದರಲ್ಲಿ ನನ್ನ ದನಿಯೂ ಇತ್ತು.

ತಜ್ಞರು ಸಂತೋಷದಿಂದ ಹೊರಟರು. ಬಾಗಿಲು ದಾಟುತ್ತಲೇ ಹುಡುಗರು ಅವರ ಸಫಾರಿಯನ್ನು ಹಸಿರು ಮಾಡಿದರು. ನಾನು ಮಾತ್ರ ಅಲ್ಲೇ ಕೂತುಬಿಟ್ಟೆ. ನನ್ನ ತರಗತಿಯ ಮಕ್ಕಳು ದಿನಾ ನನಗೆ ಹೇಳುತ್ತಿದ್ದುದು ಇದನ್ನೇ. ಪಾಠ ಮುಗಿಸಿ “ತಿಳೀತಿಲ್ಲೋ?” ಎನ್ನುತ್ತೇವೆ. “ತಿಳೀತ್ರಿ” ಎನ್ನುತ್ತಾರೆ. ಅದು ಉತ್ತರವಲ್ಲ, ನಮಸ್ಕಾರ. ಗುರುಗಳ ಮುಂದೆ ತಿಳಿಯಲಿಲ್ಲ ಎಂದರೆ ಗುರುಗಳಿಗೆ ಹೇಳಲು ಬರುವುದಿಲ್ಲ ಎಂದ ಹಾಗೆ, ಅದು ಉದ್ಧಟತನ ಎಂದು ನಮ್ಮ ಕಡೆಯ ಮಕ್ಕಳಿಗೆ ಮನೆಯಲ್ಲೇ ಕಲಿಸಿ ಕಳಿಸುತ್ತಾರೆ. ನಾವು ಆ ಮರ್ಯಾದೆಯನ್ನು ತಿಳಿವಳಿಕೆ ಎಂದುಕೊಂಡು ಮುಂದಿನ ಅಧ್ಯಾಯಕ್ಕೆ ಹೋಗುತ್ತೇವೆ.

ಅಂದಿನಿಂದ ನನ್ನ ತರಬೇತಿಯಲ್ಲಿ ಎರಡೇ ಕಟ್ಟಳೆ. “ತಿಳೀತಿಲ್ಲೋ?” ಎಂದು ಯಾರೂ ಕೇಳಕೂಡದು. ಇನ್ನೊಂದು, ತರಬೇತಿಗೆ ಬಂದವರು ತಮಗೆ ಸುತರಾಂ ಬಾರದ ವಿಷಯದ ಪಾಠಕ್ಕೆ ಕೂತು, ತಿಳಿಯದ ಜಾಗದಲ್ಲಿ ಕೈಯೆತ್ತಿ, ಬಾಯಿಬಿಟ್ಟು “ತಿಳೀಲಿಲ್ಲ” ಎನ್ನಬೇಕು. ಸಂಸ್ಕೃತದವರನ್ನು ಭೌತಶಾಸ್ತ್ರಕ್ಕೆ ಕೂರಿಸಿದೆ, ರಸಾಯನಶಾಸ್ತ್ರದವರನ್ನು ಹಳಗನ್ನಡಕ್ಕೆ. ಅಬ್ಬಾ, ಆ ಒಂದು ಮಾತು ಹೊರಗೆ ಬರಲು ಎಷ್ಟು ಕಷ್ಟಪಟ್ಟರು! ಎಂ.ಎ., ಎಂ.ಎಸ್ಸಿ. ಮಾಡಿದವರು ಬೆವರಿ, ಕೆಮ್ಮಿ, ಪಕ್ಕದವನ ಮುಖ ನೋಡಿ ಸುಮ್ಮನಾಗುತ್ತಿದ್ದರು. ನಿಮಗೇ ಇಷ್ಟು ಕಷ್ಟವಾದರೆ ಹದಿನೇಳರ ಹುಡುಗಿಗೆ ಎಷ್ಟಿರಬೇಕು ಎಂದು ಕೇಳುತ್ತಿದ್ದೆ.

ಎಲ್ಲರಿಗಿಂತ ಮೊದಲು ಆ ಮಾತು ಹೇಳಿದವನು ಬೀರಪ್ಪ ಪೂಜಾರ್. ಇಳಕಲ್ ಕಾಲೇಜಿಗೆ ಗಣಿತಕ್ಕೆ ಹೊಸದಾಗಿ ಬಂದವನು. ಕುರಿ ಕಾಯುವ ಮನೆತನ, ಊರಿನಲ್ಲೇ ಮೊದಲ ಪದವೀಧರ. ಜಾಣ ಎಂದರೆ ಜಾಣ, ಆದರೆ ತರಗತಿಗೆ ಬೆನ್ನು ತೋರಿಸಿ ಕಪ್ಪುಹಲಗೆಯ ಜೊತೆ ಮಾತಾಡುತ್ತಿದ್ದ. ಅವನನ್ನು ನನ್ನ ಚಾಲುಕ್ಯರ ಪಾಠಕ್ಕೆ ಕೂರಿಸಿದ್ದೆ. ನಾನು ಹುರುಪಿನಲ್ಲಿ ರಾಜರ ಹೆಸರು ಒದರುತ್ತಾ ಹೋಗುವಾಗ ನಡುವೆಯೇ ಕೈಯೆತ್ತಿದ. “ತಿಳೀಲಿಲ್ರಿ ಮೇಡಮ್. ಇವ ಯಾರ ಮಗಾ, ಯಾಕ ಬಡದಾಡಿದ, ಎರಡೂ ತಿಳೀಲಿಲ್ಲ.” ನನಗೆ ಸಿಟ್ಟು ಬಂತು. ಕಟ್ಟಳೆ ಮಾಡಿದವಳು ನಾನೇ ಎಂದು ನೆನಪಾಗಿ ನುಂಗಿಕೊಂಡೆ. ಎರಡನೆಯ ಸಲ ಹೇಳಿದಾಗ ನನ್ನ ಪಾಠ ನನಗೇ ಹಿಡಿಸಿತು.

ಬೀರಪ್ಪ ಇಳಕಲ್ಲಿಗೆ ಹಿಂತಿರುಗಿ ಅದನ್ನೇ ಮಾಡಿದ. ಮುಖ ತಿರುಗಿಸಿ ನಿಂತು, “ತಿಳೀಲಿಲ್ಲ ಅನ್ನೋರು ಶಾಣ್ಯಾರು, ಎಲ್ಲಿಂದ ಅನ್ನೂದು ಹೇಳ್ರಿ” ಎಂದನಂತೆ. ಕೆಲವು ವಾರ ಹುಡುಗರು ನಾಚಿದರು. ಆಮೇಲೆ ಕಟ್ಟೆ ಒಡೆಯಿತು. ಕಾಲೇಜಿನ ವರಾಂಡದಲ್ಲಿ ಹೋಗುವವರಿಗೆಲ್ಲ ಬೀರಪ್ಪನ ತರಗತಿಯಿಂದ ಒಂದೇ ಮಾತು ಕೇಳತೊಡಗಿತು: ತಿಳೀಲಿಲ್ರಿ ಸರ್, ತಿಳೀಲಿಲ್ರಿ ಸರ್.

ಆ ವರಾಂಡದಲ್ಲಿ ದಿನಾ ನಡೆಯುತ್ತಿದ್ದವರು ಪ್ರಿನ್ಸಿಪಾಲ ಇನಾಮದಾರರು. ಇಂಗ್ಲಿಷ್ ಕಲಿಸುವವರು. ಮೇ ತಿಂಗಳಲ್ಲೂ ಕೋಟು ತೊಡುತ್ತಿದ್ದ ಶಿಸ್ತಿನ ಮನುಷ್ಯ, ಯಾರಿಂದಲೂ ಒಂದು ಕಪ್ ಚಹಾ ಕುಡಿದವರಲ್ಲ. ಅವರು ಸುಳ್ಳು ಹೇಳುವವರಲ್ಲ, ಕೇಳಿದ್ದನ್ನೇ ಸಂಸ್ಥೆಗೆ ಬರೆದರು: ಈ ಲೆಕ್ಚರರು ಹೇಳುವುದು ಮಕ್ಕಳಿಗೆ ತಿಳಿಯುವುದಿಲ್ಲ, ಮಕ್ಕಳೇ ಬಾಯಿಬಿಟ್ಟು ಹಾಗೆ ಹೇಳುತ್ತಿದ್ದಾರೆ, ಇವರನ್ನು ಕಾಯಂ ಮಾಡಬಾರದು. ಬೀರಪ್ಪನ ಪ್ರೊಬೇಷನ್ ವರ್ಷ ಮುಗಿಯಲು ಹೆಚ್ಚು ದಿನವಿರಲಿಲ್ಲ.

ಸಂಕ್ರಮಣ ಮುಗಿದ ವಾರ ಬೀರಪ್ಪ ಬಾಗಲಕೋಟೆಗೆ ನಮ್ಮ ಮನೆಗೆ ಬಂದ. ಕುಸುರೆಳ್ಳು ಕೊಟ್ಟರೆ ಕೈಯಲ್ಲೇ ಹಿಡಿದುಕೊಂಡು ಕೂತ.

“ಮೇಡಮ್, ನೌಕರಿ ಹೋದ್ರ ನಾ ಕುರಿ ಕಾಯಾಕೂ ತಯಾರ್ ಅದೀನ್ರಿ. ಆದ್ರ ನಮ್ಮೂರಾಗ ನಾಕ್ ಹುಡುಗ್ರು ನನ್ನ ನೋಡಿ ಕಾಲೇಜಿಗೆ ಹೋಗ್ತೀವಿ ಅಂತಾವ. ನಾ ತಿರುಗಿ ಹೋದ್ರ ಅವರಪ್ಪಗೋಳು ಏನಂತಾರ? ಓದಿದಾಂವನೂ ಬಂದ, ನೀವ್ಯಾಕ್ ಹೋಗ್ತೀರಿ ಅಂತಾರ.”

“ಹಂಗಾರ ಹಳೇ ರೀತಿ ಮಾಡು. ತಿಳೀತಿಲ್ಲೋ ಅಂತ ಕೇಳು, ಹೂಂ ಅಂತಾರ. ನೌಕರಿ ಉಳೀತೈತಿ” ಎಂದೆ. ನನ್ನ ಮಾತು ಕೇಳಿದ್ದಕ್ಕೆ ಈ ಹುಡುಗನ ಅನ್ನ ಹೋಗುವುದರಲ್ಲಿತ್ತು.

ಅವನು ಕುಸುರೆಳ್ಳನ್ನು ಜೇಬಿಗೆ ಹಾಕಿಕೊಂಡ. “ಹುಡುಗ್ರು ಈಗ ತಾವ ಲೆಕ್ಕಾ ಮಾಡಾಕತ್ತಾರ್ರಿ. ಅವರ ಬಾಯಿ ಮತ್ತ ಹೆಂಗ ಮುಚ್ಚಸ್ಲಿ?” ಎಂದು ಎದ್ದ.

ಆ ಮಾತು ಕೇಳಿದ ಮೇಲೆ ನಾನು ಸುಮ್ಮನೆ ಕೂರುವ ಹೆಂಗಸಲ್ಲ. ಮರುದಿನವೇ ಗಿರಣಿಗೆ ಹೋದೆ. “ಸಾಹುಕಾರ್ರ, ಪ್ರಿನ್ಸಿಪಾಲರು ಕಿವೀಲೆ ಕೇಳಿ ಬರದಾರ. ನೀವು ಕಣ್ಣೀಲೆ ನೋಡಿ ತೀರ್ಮಾನ ಮಾಡ್ರಿ” ಎಂದೆ. ಅವರ ಮೋಟಾರಿನಲ್ಲಿ ಇಬ್ಬರೂ ಇಳಕಲ್ಲಿಗೆ ಹೋದೆವು.

ಬೀರಪ್ಪನ ತರಗತಿಯಲ್ಲಿ ಸಾಹುಕಾರರು, ಇನಾಮದಾರರು, ನಾನು ಹಿಂದಿನ ಬೆಂಚಿನಲ್ಲಿ ಕೂತೆವು. ಸಂಭಾವ್ಯತೆಯ ಪಾಠ. ನಡುವೆ ಮೂರು ಕೈಗಳು ಮೇಲೆದ್ದವು. “ತಿಳೀಲಿಲ್ರಿ ಸರ್, ಮೂರನೇ ಸಾಲಿನಿಂದ.” ಬೀರಪ್ಪ ಹಲಗೆ ಒರೆಸಿ ಬೇರೆ ದಾರಿಯಲ್ಲಿ ಹೇಳಿದ. ಎರಡು ಕೈ ಇಳಿದವು, ಒಂದು ಉಳಿಯಿತು. ಆಗ ಸಾಹುಕಾರರು, “ತಮ್ಮಾ, ಆ ಹುಡುಗನ ಸಂಗಾಟ ನನಗೂ ತಿಳೀಲಿಲ್ಲ” ಎಂದುಬಿಟ್ಟರು. ಮೊದಲ ಬೆಂಚಿನ ನೀಲವ್ವ ಎಂಬ ಹುಡುಗಿಯನ್ನು ಬೀರಪ್ಪ ಎಬ್ಬಿಸಿದ. ಮಗ್ಗದ ಮನೆಯವಳು. ಅವಳು ಹತ್ತಿಯ ಧಾರಣೆ ಏರುವ ಇಳಿಯುವ ಉದಾಹರಣೆ ಹಿಡಿದು ಗಿರಣಿ ಮಾಲೀಕರಿಗೆ ಲೆಕ್ಕ ಬಿಡಿಸಿ ಹೇಳಿದಳು. ಸಾಹುಕಾರರು ಬಾಯಿ ತುಂಬಾ ನಕ್ಕರು.

ಇನಾಮದಾರರು ನಗಲಿಲ್ಲ. ಹೊರಗೆ ಬಂದು, “ಇದು ಸಂತಿ ಆತ್ರಿ, ಕ್ಲಾಸ್ ಅಲ್ಲ. ಕ್ಲಾಸ್ ಅಂದ್ರ ಹೆಂಗಿರಬೇಕು ನನ್ನ ಕಡೆ ಬಂದು ನೋಡ್ರಿ” ಎಂದರು. ಮುಂದಿನ ಗಂಟೆ ಅವರದೇ, ಅದೇ ಮಕ್ಕಳಿಗೆ.

ನಿಜ ಹೇಳಬೇಕೆಂದರೆ ಅಂಥ ಓದು ನಾನು ಕೇಳಿರಲಿಲ್ಲ. ಎಂಥ ಕಂಠ, ಎಂಥ ಉಚ್ಚಾರ! ಕೋಣೆಯಲ್ಲಿ ಒಂದು ಬೆಂಚು ಕಿರುಗುಟ್ಟಲಿಲ್ಲ. ಸಾಹುಕಾರರು ಕೈ ಕಟ್ಟಿ ಕೂತಿದ್ದರು. ಪಾಠ ಮುಗಿಸಿ ಇನಾಮದಾರರು ಪುಸ್ತಕ ಮಡಚಿ ಕೇಳಿದರು, “ತಿಳೀತಿಲ್ಲೋ?”

“ತಿಳೀತ್ರಿ ಸರ್!”

ಅವರು ನಮ್ಮ ಕಡೆ ನೋಡಿದರು. ನೋಡಿದಿರಾ ಎಂಬ ನೋಟ. ಸಾಹುಕಾರರು ಮೆಲ್ಲಗೆ ತಲೆಯಾಡಿಸಿದರು. ಮುಗಿಯಿತು, ಬೀರಪ್ಪನ ಕಥೆ ಮುಗಿಯಿತು ಎಂದುಕೊಂಡೆ. ಆಗ ಮೊದಲ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು.

“ಸರ್, ತಿಳೀಲಿಲ್ರಿ.”

ನೀಲವ್ವ. ಎದ್ದು ನಿಂತಳು. ಇನಾಮದಾರರು ಕೋಪ ಮಾಡಲಿಲ್ಲ, ಅವರಿಗೆ ಆಶ್ಚರ್ಯವಾಗಿತ್ತು.

“ಎಲ್ಲಿಂದ ತಿಳೀಲಿಲ್ಲವ್ವಾ?”

“ಜೂನ್ ತಿಂಗಳಿಂದ್ರಿ ಸರ್.”

ಯಾರೂ ನಗಲಿಲ್ಲ. ಇನಾಮದಾರರು ನಿಂತೇ ಇದ್ದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಅವರು ತರಗತಿಯಲ್ಲಿ ಕೂತಿದ್ದನ್ನು ಯಾರೂ ನೋಡಿರಲಿಲ್ಲವೆಂದು ಆಮೇಲೆ ಕೇಳಿದೆ. “ಮತ್ತ್ಯಾರಿಗೆ?” ಎಂದರು, ಸಣ್ಣ ದನಿಯಲ್ಲಿ. ಒಂದು ಕೈ ಎದ್ದಿತು, ಅದರ ಪಕ್ಕದ್ದು, ಅದರ ಹಿಂದಿನದು. ಕೊನೆಗೆ ಕೆಳಗಿದ್ದ ಕೈಗಳನ್ನು ಹುಡುಕಬೇಕಾಯಿತು. ಅವರು ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು.

“ಮೊದಲನೇ ಪುಟಾ ತಗೀರಿ” ಎಂದರು.

ಗಂಟೆ ಹೊಡೆಯಿತು. ಅವರು ಎದ್ದು ಹೋಗಲಿಲ್ಲ. ನಾವಿಬ್ಬರೂ ಸದ್ದು ಮಾಡದೆ ಹೊರಗೆ ಬಂದೆವು.

ಆಮೇಲೆ ಆಫೀಸಿಗೆ ಬಂದ ಇನಾಮದಾರರು ಸಾಹುಕಾರರ ಮುಂದೆ ಕೈ ಚಾಚಿದರು. “ನಾ ಬರದದ್ದು ಕೊಡ್ರಿ, ಹಿಂದಕ್ಕ ತಗೋತೇನಿ.” ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದ ಬೀರಪ್ಪನನ್ನು ಕರೆದು, “ಪೂಜಾರ್, ನಾಳಿ ನಿಮ್ಮ ಕ್ಲಾಸ್ ಎಷ್ಟಕ್ಕೈತಿ? ನಾ ಹಿಂದಿನ ಬೆಂಚಿಗೆ ಬರ್ತೇನಿ” ಎಂದರು. ಬೀರಪ್ಪ ಕಾಲಿಗೆ ಬೀಳಲು ಹೋದ. “ಅದೆಲ್ಲಾ ಬ್ಯಾಡ, ಹೊತ್ತು ಹೇಳ್ರಿ” ಎಂದು ಗದರಿದರು. ಬೀರಪ್ಪ ಕಾಯಂ ಆದ. ಅವನ ಊರಿನ ಆ ನಾಲ್ಕು ಹುಡುಗರೂ ಕಾಲೇಜು ಸೇರಿದರು. ಮರುವರ್ಷದ ತರಬೇತಿಗೆ ಇನಾಮದಾರರು ತಾವಾಗಿ ಬಂದು ಹಳಗನ್ನಡದ ಪಾಠಕ್ಕೆ ಕೂತು, ಎಲ್ಲರಿಗಿಂತ ಜೋರಾಗಿ ತಿಳೀಲಿಲ್ಲ ಎಂದರು. ಅಂಥ ಹಿರಿಯರ ಕೈಕೆಳಗೆ ಕೆಲಸ ಮಾಡಿದೆನೆಂಬುದು ನನ್ನ ಭಾಗ್ಯ.

ತೊಂಬತ್ತರ ದಶಕದ ಕೊನೆಗೆ ನಾನು ನಿವೃತ್ತಳಾದೆ. ಹಳೇ ಪೇಟೆಯಲ್ಲಿ ತಜ್ಞರು ಮಾತಾಡಿದ್ದ ಅದೇ ಸಭಾಂಗಣದಲ್ಲಿ ಬೀಳ್ಕೊಡುಗೆ. ನಾಲ್ಕೂ ಊರಿನವರು ಬಂದಿದ್ದರು. ಇನಾಮದಾರರು ಆಗಲೇ ನಿವೃತ್ತರು, ಕೋಲು ಹಿಡಿದು ಮೊದಲ ಸಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಬೀರಪ್ಪ. ನನ್ನ ಜಾಗದಲ್ಲಿ ತರಬೇತಿ ನಡೆಸಲು ಸಂಸ್ಥೆ ಅವನನ್ನೇ ಆರಿಸಿತ್ತು. ನಾನು ಮಂಗನ ಕಥೆ ಹೇಳಿದೆ, ಕಿಟಕಿಯ ಕಥೆ ಹೇಳಿದೆ, ಜನ ನಕ್ಕರು. ಕೊನೆಯ ಒಂದು ಮಾತು ಹೇಳುವಷ್ಟರಲ್ಲಿ ಅಳು ಬಂದು ಮೈಕಿನಿಂದ ಮುಖ ತಿರುಗಿಸಿದೆ. ಏನೋ ಗೊಣಗಿ, ಕೈ ಮುಗಿದು ಕೂತೆ. ಯಾರಿಗೂ ಒಂದಕ್ಷರ ಕೇಳಿಸಿರಲಿಕ್ಕಿಲ್ಲ. ಆದರೂ ಎಲ್ಲರೂ ಮರ್ಯಾದೆಯಿಂದ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಮೊದಲ ಸಾಲಿನಿಂದ ಕೋಲಿನ ಜೊತೆಗೆ ಒಂದು ಕೈ ಮೇಲೆದ್ದಿತು.

“ಮೇಡಮ್, ಕಡೀದು ತಿಳೀಲಿಲ್ರಿ. ಇನ್ನೊಮ್ಮೆ ಹೇಳ್ರಿ” ಎಂದರು ಇನಾಮದಾರರು.

ನಾನು ಎದ್ದು ಮೈಕಿನ ಮುಂದೆ ಬಂದೆ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಇಡೀ ಸಭೆಗೆ ಕೇಳುವ ಹಾಗೆ ಹೇಳಿದೆ:

“ನನ್ನ ಕೆಲಸದ ಬಗ್ಗೆ ನನಗ ಭಾಳ ಅಭಿಮಾನ ಐತಿ ಅಂದೆ, ಸರ್.”

“ಹಾಂ, ಈಗ ತಿಳೀತ್ರಿ” ಎಂದು ಅವರು ಕೈ ಇಳಿಸಿದರು.